ಹಿಂದಿನ ಅಚ್ಚಿನ ಹಲ್ಲುಗಳು

ದಿಲ್ಲಿಯಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಊರಿನಿಂದ ಹೊತ್ತು ತಂದ ವಸ್ತು ಒಂದಾದರೂ ಇರುತ್ತದೆ. ಕೆಲವರಲ್ಲಿ ಅಜ್ಜಿಯ ಕಡೆಗೋಲು, ಕೆಲವರಲ್ಲಿ ಹಿತ್ತಾಳೆಯ ಹಂಡೆ. ನಾನು ಮಾತ್ರ ಈ ಕ್ರಮವನ್ನು ತಿರುಗಿಸಿ, ದಿಲ್ಲಿಯಿಂದ ಊರಿಗೆ ಒಂದು ವಸ್ತುವನ್ನು ಸಾಗಿಸಬೇಕಾಯಿತು. ಅದು ಒಂದು ಟನ್ನಿಗೂ ಮೀರಿದ ತೂಕದ, 1986ರ ಹಿಂದೂಸ್ತಾನ್ ಕಾಂಟೆಸಾ ಕಾರು. 2018ರ ನವೆಂಬರಿನಲ್ಲಿ ಅದರ ಹಿಂದಿನ ಅಚ್ಚಿನೊಳಗಿನ ಹಲ್ಲುಚಕ್ರಗಳನ್ನು ಬದಲಾಯಿಸಿ, ಡಿಸೆಂಬರಿನಲ್ಲಿ ಧಾರವಾಡದ ಹಾದಿ ಹಿಡಿದೆ. ಆ ಬದಲಾವಣೆಯ ಕಥೆಯನ್ನು ಹೇಳಹೊರಟರೆ, ಈ ಬಳಗದಲ್ಲಿ ಇಷ್ಟು ವರ್ಷ ನಾನು ಹೇಳದೆ ಉಳಿಸಿಕೊಂಡ ಇನ್ನೊಂದು ಸಂಗತಿಯನ್ನೂ ಹೇಳಬೇಕಾಗುತ್ತದೆ.

ಕಾಂಟೆಸಾ ಎಂದರೆ ಇಂದಿನ ಎಳೆಯರಿಗೆ ಹಳೆಯ ಹಿಂದಿ ಚಿತ್ರಗಳ ಖಳನಾಯಕರ ವಾಹನ. ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆ ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ ಒಂದು ಮಾದರಿಯನ್ನು ಆಧರಿಸಿ ಎಂಬತ್ತರ ದಶಕದಲ್ಲಿ ಇದನ್ನು ಹೊರತಂದಿತು; 2002ರವರೆಗೂ ತಯಾರಿಸಿತು. ಉದ್ದನೆಯ ಮೂತಿ, ಅಗಲವಾದ ಹೆಗಲು, ಹಿಂದಿನ ಗಾಲಿಗಳಿಗೆ ಬಲ. ನಮ್ಮ ದೇಶದ 'ಮಸಲ್ ಕಾರು' ಎಂದು ಅಭಿಮಾನಿಗಳು ಕರೆಯುವುದು ಇದನ್ನೇ. ಆದರೆ ಮೊದಮೊದಲ ಗಾಡಿಗಳ ಮುಚ್ಚಳದ ಕೆಳಗೆ ಇದ್ದುದು ಅಂಬಾಸಡರಿನ ಅದೇ 1489 ಸಿಸಿ ಎಂಜಿನ್. ಅದರ ಬಲ ಸುಮಾರು 50 ಅಶ್ವಶಕ್ತಿ. ಪೈಲ್ವಾನನ ಮೈಯೊಳಗೆ ಗುಮಾಸ್ತನ ಎದೆಯನ್ನು ಇಟ್ಟಂತೆ. ಜಪಾನಿನ ಇಸುಜು ಎಂಜಿನ್ ಬಂದ ಮೇಲೆಯೇ ಮೈಗೆ ತಕ್ಕ ಎದೆ ದೊರೆತದ್ದು. ನನ್ನದು ಗುಮಾಸ್ತನ ಕಾಲದ ಗಾಡಿ.

ಇಂಥದೇ ಒಂದು ಕಾಂಟೆಸಾವನ್ನು ನನ್ನ ಅಪ್ಪ ಹನ್ನೊಂದು ವರ್ಷ ಓಡಿಸಿದರು. ಅದು ಅವರದಲ್ಲ; ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರದು. ಅಪ್ಪ ಅವರ ಡ್ರೈವರ್. ಬೆಳಿಗ್ಗೆ ಆರಕ್ಕೆ ಧಾರವಾಡದಿಂದ ಬಸ್ಸು ಹತ್ತಿ ಹೋದರೆ ರಾತ್ರಿ ಹತ್ತಕ್ಕೆ ಮರಳುತ್ತಿದ್ದರು. ಆ ಕಾರನ್ನು ನಾನು ಹತ್ತಿರದಿಂದ ನೋಡಿದ್ದು ಒಂದೇ ಸಲ. ಸಾಹುಕಾರರನ್ನು ಕಾರ್ಯಕ್ರಮವೊಂದಕ್ಕೆ ಇಳಿಸಿದ ಅಪ್ಪ, ಕಾಯುವ ಹೊತ್ತಿನಲ್ಲಿ ನಮ್ಮ ಓಣಿಯ ತುದಿಯಲ್ಲಿ ಗಾಡಿ ನಿಲ್ಲಿಸಿದ್ದರು. ಅವ್ವ ಮತ್ತು ನಾನು ಸುತ್ತಲೂ ತಿರುಗಿ ನೋಡಿದೆವು. ಒಳಗೆ ಕೂರಲು ಅಪ್ಪ ಬಿಡಲಿಲ್ಲ. ಬಾಗಿಲು ತೆರೆದು ಸೀಟಿನ ಮೇಲೆ ಅಂಗೈ ಇಟ್ಟು ನೋಡಲು ಮಾತ್ರ ಅಪ್ಪಣೆ ಸಿಕ್ಕಿತು.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ನೌಕರಿ ಹಿಡಿದು 2002ರಲ್ಲಿ ದಿಲ್ಲಿಗೆ ಬಂದೆ. ಆರ್.ಕೆ. ಪುರಂನ ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಹಿರಿಯರು ಪ್ರೀತಿಯಿಂದ "ತಂದೆಯವರು ಏನು ಮಾಡುತ್ತಾರೆ?" ಎಂದು ವಿಚಾರಿಸುತ್ತಿದ್ದರು. "ಖಾಸಗಿ ಸೇವೆಯಲ್ಲಿದ್ದರು" ಎನ್ನುತ್ತಿದ್ದೆ. ಅರ್ಜಿಗಳಲ್ಲಿಯೂ ಹಾಗೆಯೇ ಬರೆಯುತ್ತಿದ್ದೆ. ಸುಳ್ಳೆಂದು ಯಾರೂ ಹಿಡಿಯಲಾಗದ ಉತ್ತರವದು. ಈ ಬಳಗದಲ್ಲಿ ಹತ್ತಾರು ಪ್ರಬಂಧ ಬರೆದಿದ್ದೇನೆ. ಅಜ್ಜನ ಹೊಲ ಬಂದಿದೆ, ಅವ್ವನ ರೊಟ್ಟಿ ಬಂದಿದೆ. ಅಪ್ಪನ ಕಸುಬು ಎಲ್ಲಿಯೂ ಬಂದಿಲ್ಲ.

ಆರನೆಯ ವೇತನ ಆಯೋಗದ ಬಾಕಿಯ ಎರಡನೆಯ ಕಂತು 2009ರಲ್ಲಿ ಕೈಸೇರಿದಾಗ ನಾನು ಈ ಹಳೆಯ ಕಾಂಟೆಸಾ ಕೊಂಡೆ. ಸಹೋದ್ಯೋಗಿಗಳು ಫ್ರಿಜ್ಜು, ನಿವೇಶನ ಎನ್ನುತ್ತಿದ್ದ ಹೊತ್ತದು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮರುವರ್ಷ ಅಪ್ಪ, ಅವ್ವ ದಿಲ್ಲಿಗೆ ಬಂದರು. ಅವ್ವನನ್ನು ಹಿಂದೆ ಕೂರಿಸಿಕೊಂಡು, ಸ್ಟಿಯರಿಂಗನ್ನು ಅಪ್ಪನಿಗೆ ಕೊಟ್ಟು ಇಂಡಿಯಾ ಗೇಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದೆ. ಅವರ ಕಣ್ಣಲ್ಲಿ ನೀರು ಬರಬಹುದೆಂಬುದು ನನ್ನ ನಿರೀಕ್ಷೆ. ಅಪ್ಪ ಕಿವಿಗೊಟ್ಟು ಓಡಿಸಿದರು, ಇಳಿದರು, ಬಾಗಿಲು ಹಾಕಿದರು. ಆಮೇಲೆ ಹೇಳಿದ್ದು ಇಷ್ಟು: "ತಮ್ಮಾ, ಇದರ ಹಿಂದಿನ ಹಲ್ಲು ಇದರವಲ್ಲ. ಯಾರೋ ಹಳೇ ಅಂಬಾಸಡರದ್ದು ಹಾಕ್ಯಾರ. ಎಂಜಿನ್ ಸುಮ್ಮನ ಒದರತೈತಿ."

ನನಗೆ ಸಿಟ್ಟು ಬಂತು. ಮಗ ಕೊಟ್ಟ ಉಡುಗೊರೆಯಲ್ಲಿ ಡ್ರೈವರನು ತಪ್ಪು ಹುಡುಕಿದನೆಂದು ಅನಿಸಿತು. ಆ ಶಬ್ದವೇ ನನ್ನ ಮನಸ್ಸಿನಲ್ಲಿ ಬಂದದ್ದೆಂಬುದನ್ನು ಮರೆಮಾಚಲಾರೆ. "ಇರಲಿ ಬಿಡಿ ಅಪ್ಪಾ, ಓಡ್ತೈತಲ್ಲ" ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಎಂಟು ವರ್ಷ ಹಾಗೆಯೇ ಕಳೆಯಿತು.

ಈ ನಡುವೆ ದಿಲ್ಲಿಯ ಗಾಳಿ ಕೆಟ್ಟಿತು. 2014ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹದಿನೈದು ವರ್ಷ ದಾಟಿದ ವಾಹನಗಳು ದಿಲ್ಲಿಯ ರಸ್ತೆಗಿಳಿಯಕೂಡದೆಂದಿತು. ಮರುವರ್ಷ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೂ ನಿಷೇಧ ಬಂತು. ನನ್ನ ಗಾಡಿ ಹೊದಿಕೆಯೊಳಗೆ ಸೇರಿತು. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ನಿಲ್ಲಿಸುವುದಷ್ಟೇ ನನ್ನ ಪಾಲಿಗೆ ಉಳಿಯಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟು ರಾಜಧಾನಿ ವಲಯದಲ್ಲಿ ಈ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲು ಹೇಳಿತು. ಆ ವಾರ ಮಗಳು ನೆಬ್ಯುಲೈಸರ್ ಮೂಗಿಗೆ ಹಿಡಿದು ಕೂತಿದ್ದಳು. ಆದ್ದರಿಂದ ಆ ಆದೇಶದ ಬಗ್ಗೆ ನನಗೆ ದೂರಿಲ್ಲ. ಆದರೆ 2013ರ ಡಿಸೆಂಬರಿನಲ್ಲಿ ಐದು ವರ್ಷಕ್ಕೆ ನವೀಕರಿಸಿದ್ದ ನೋಂದಣಿ ಇನ್ನೆರಡು ತಿಂಗಳಲ್ಲಿ ಮುಗಿಯಲಿತ್ತು. ನಿರಾಕ್ಷೇಪಣಾ ಪತ್ರ ಪಡೆದು ಹೊರರಾಜ್ಯಕ್ಕೆ ಒಯ್ಯಬೇಕು, ಇಲ್ಲವೇ ಗುಜರಿಗೆ ಕೊಡಬೇಕು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿಯೂ ಹೋಗಿದ್ದ.

ಅಪ್ಪನಿಗೆ ಫೋನು ಮಾಡಿದೆ. ಅವರಿಗಾಗ ಎಪ್ಪತ್ತೆರಡು. ಕಣ್ಣಿನ ಒತ್ತಡದ ರೋಗದಿಂದ ನೋಟ ಬಹಳ ಕುಂದಿ, ಲೈಸೆನ್ಸನ್ನು ನವೀಕರಿಸುವುದನ್ನೇ ಬಿಟ್ಟಿದ್ದರು. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಮಾರಬ್ಯಾಡ. ಊರಿಗೆ ತೊಗೊಂಡ ಬಾ. ಆದ್ರ ಆ ಹಲ್ಲಿನ ಮ್ಯಾಲ ಅಷ್ಟು ದೂರ ಓಡಸಬ್ಯಾಡ. ಎಂಜಿನ್ ಸತ್ತಹೋಗತೈತಿ."

ಹಲ್ಲಿನ ವಿಷಯವನ್ನು ನಾನು ಮೊದಲ ಸಲ ಕೇಳಿಸಿಕೊಂಡದ್ದು ಆಗ. ಎಂಜಿನ್ನಿನ ತಿರುಗಾಟ ಗೇರು ಪೆಟ್ಟಿಗೆಯನ್ನು ದಾಟಿ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಅಚ್ಚನ್ನು ತಲುಪುತ್ತದೆ. ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ. ಅದು ಕಚ್ಚುವುದು ಕ್ರೌನ್ ಎಂಬ ದೊಡ್ಡ ಚಕ್ರವನ್ನು. ದೊಡ್ಡದರ ಹಲ್ಲುಗಳನ್ನು ಚಿಕ್ಕದರ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇಡೀ ಗಾಡಿಯ ಸ್ವಭಾವ. ಸಂಖ್ಯೆ ದೊಡ್ಡದಾದರೆ ಎಳೆಯುವ ಬಲ ಹೆಚ್ಚು, ಆದರೆ ಪ್ರತಿ ವೇಗಕ್ಕೂ ಎಂಜಿನ್ ಹೆಚ್ಚು ಸುತ್ತು ತಿರುಗಬೇಕು. ಚಿಕ್ಕದಾದರೆ ಎಂಜಿನ್ನಿಗೆ ನೆಮ್ಮದಿ, ಏರಿನಲ್ಲಿ ಕಷ್ಟ. ಎರಡನ್ನೂ ಕೊಡುವ ಸಂಖ್ಯೆ ಇಲ್ಲ.

ಅಚ್ಚು ಬಿಚ್ಚದೆ ಈ ಸಂಖ್ಯೆಯನ್ನು ಅರಿಯುವ ಬಗೆಯನ್ನು ಅಪ್ಪ ಫೋನಿನಲ್ಲಿಯೇ ಕಲಿಸಿದರು. ಗೇರು ನ್ಯೂಟ್ರಲಿನಲ್ಲಿರಲಿ; ಹಿಂದಿನ ಒಂದೇ ಗಾಲಿಯನ್ನು ಜಾಕಿನಿಂದ ಎತ್ತು, ಇನ್ನೊಂದು ನೆಲದಲ್ಲಿ ಭದ್ರವಾಗಿರಲಿ. ಗಾಲಿಗೂ ಶಾಫ್ಟಿಗೂ ಸುಣ್ಣದ ಗುರುತು ಹಾಕು. ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರೆ ಕ್ರೌನ್ ಒಂದು ಸುತ್ತು ತಿರುಗಿರುತ್ತದೆ, ಏಕೆಂದರೆ ಡಿಫರೆನ್ಶಿಯಲ್ ಎರಡೂ ಗಾಲಿಗಳ ಸರಾಸರಿಯನ್ನು ಹಿಡಿಯುತ್ತದೆ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಹಾಕಿತೆಂದು ಎಣಿಸು. ಕ್ವಾರ್ಟರ್ಸಿನ ಹಿಂಭಾಗದಲ್ಲಿ, ನೆರೆಯವರು ನೋಡುತ್ತಿರಲು, ಹೆಂಡತಿ ಗಾಲಿ ತಿರುಗಿಸಿದಳು. ನಾನು ಗಾಡಿಯಡಿ ಮಲಗಿ ಎಣಿಸಿದೆ. ಐದು ಸುತ್ತಿಗೆ ತುಸು ಕಡಿಮೆ. ಎಂಟು ವರ್ಷದ ಹಿಂದೆ ಇಂಡಿಯಾ ಗೇಟಿನ ಒಂದು ಸುತ್ತಿನಲ್ಲಿ ಅಪ್ಪ ಕಿವಿಯಿಂದ ಕೇಳಿದ್ದು ಇದನ್ನೇ.

ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿ.ಟಿ.ಒ.ದಿಂದ ಮಸಲ್ ಕಾರುಗಳ ಯುಗ ಆರಂಭವಾಯಿತೆನ್ನುತ್ತಾರೆ. ಅಲ್ಲಿನ ಹವ್ಯಾಸಿಗಳು ಹಿಂದಿನ ಹಲ್ಲು ಬದಲಾಯಿಸುವುದು ಹೆಚ್ಚಾಗಿ ಸಂಖ್ಯೆಯನ್ನು ಹಿಗ್ಗಿಸಲು: ಹಸಿರು ದೀಪ ಹೊತ್ತಿದೊಡನೆ ಗಾಡಿ ಚಿಮ್ಮಬೇಕು. ನನಗೆ ಬೇಕಾದದ್ದು ಇದರ ತದ್ವಿರುದ್ಧ. ನನ್ನ ಗಾಡಿ ಯಾರನ್ನೂ ಸೋಲಿಸಬೇಕಿರಲಿಲ್ಲ. ಒಮ್ಮೆ ಊರು ಮುಟ್ಟಿದರೆ ಸಾಕಿತ್ತು.

ಬಿಡಿಭಾಗ ಹುಡುಕಿಕೊಂಡು ಮಾಯಾಪುರಿಗೆ ಹೋದೆ. ಪಶ್ಚಿಮ ದಿಲ್ಲಿಯ ಈ ಗುಜರಿ ಪೇಟೆ 2010ರಲ್ಲಿ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಪ್ರಯೋಗಾಲಯವೊಂದರಿಂದ ಹರಾಜಾದ ಹಳೆಯ ಯಂತ್ರದೊಳಗೆ ಕೋಬಾಲ್ಟ್-60 ಉಳಿದಿತ್ತು. ಅದನ್ನರಿಯದೆ ಬಿಚ್ಚಿದವರು ವಿಕಿರಣಕ್ಕೆ ಸಿಕ್ಕಿ, ಒಬ್ಬ ಕೆಲಸಗಾರ ಪ್ರಾಣ ಬಿಟ್ಟ. ಇಲ್ಲಿ ಲೋಹವನ್ನು ಕೈಯಿಂದ ಮುಟ್ಟಿ ಬದುಕುವವರ ಪಾಡು ಅಂಥದು. ನನಗೆ ಸಿಕ್ಕ ಮಿಸ್ತ್ರಿ ಅರವತ್ತು ದಾಟಿದವರು. ಹುಡುಗರು 'ಉಸ್ತಾದ್' ಎನ್ನುತ್ತಿದ್ದರು. ಅಂಬಾಸಡರ್, ಕಾಂಟೆಸಾಗಳ ಅಚ್ಚಿನ ಕೆಲಸವೇ ಅವರ ಜೀವನ. "ಬಾಬೂಜಿ, ಗಾಡಿಗಳೆಲ್ಲ ದಿಲ್ಲಿ ಬಿಟ್ಟು ಹೋಗುತ್ತಿವೆ. ನನಗೆ ಮಾತ್ರ ನಿರಾಕ್ಷೇಪಣಾ ಪತ್ರ ಯಾರೂ ಕೊಡುತ್ತಿಲ್ಲ" ಎಂದು ಹಿಂದಿಯಲ್ಲಿ ನಕ್ಕರು.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಹುಟ್ಟುತ್ತವೆ. ಕಾರ್ಖಾನೆಯಲ್ಲಿ ಒಂದನ್ನೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಸಂಖ್ಯೆ ಕೊರೆಯುತ್ತಾರೆ. ಬೇರೆ ಬೇರೆ ಗಾಡಿಯ ಕ್ರೌನು, ಪಿನಿಯನ್ನುಗಳನ್ನು ಕೂಡಿಸಿದರೆ ಹಲ್ಲುಗಳು ಗೋಳಿಡುತ್ತವೆ, ಬೇಗ ಸವೆಯುತ್ತವೆ. ಉಸ್ತಾದ್ ಮೂರು ಜೋಡಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಂಖ್ಯೆ ಓದಿ ಎರಡನ್ನು ಬದಿಗೆಸೆದರು. ಮೂರನೆಯದರ ಸಂಖ್ಯೆ ಕೂಡಿತು. ಕ್ರೌನಿನಲ್ಲಿ 43 ಹಲ್ಲು, ಪಿನಿಯನ್ನಿನಲ್ಲಿ 10: ಸಂಖ್ಯೆ 4.3.

ನನ್ನ ಗಾಡಿಯನ್ನು ಕ್ರೇನಿನಲ್ಲಿ ಅಲ್ಲಿಗೆ ಸಾಗಿಸಿದೆ. ಎಣ್ಣೆ ಬಸಿದು, ಗಾಲಿ, ಡ್ರಮ್ಮು ಕಳಚಿ, ಅಚ್ಚಿನ ಎರಡೂ ತುದಿಯ ಶಾಫ್ಟುಗಳನ್ನು ಹೊರಗೆಳೆದು, ನಡುವಿನ ನಟ್ಟುಗಳನ್ನು ಬಿಚ್ಚಿದ ಮೇಲೆ ಡಿಫರೆನ್ಶಿಯಲ್ ಗಡ್ಡೆ ಹೊರಬಂತು. ಹುಡುಗ ಹಲ್ಲು ಎಣಿಸಿದ: 39, 8. ಅಂದರೆ 4.875. ಎರಡೂ ಜೋಡಿಗಳಲ್ಲಿ ಒಂದು ಸೂಕ್ಷ್ಮವಿದೆ. 39 ಮತ್ತು 8ಕ್ಕೆ, 43 ಮತ್ತು 10ಕ್ಕೆ ಸಾಮಾನ್ಯ ಅಪವರ್ತನವಿಲ್ಲ. ಹೀಗಾಗಿ ಪಿನಿಯನ್ನಿನ ಪ್ರತಿಯೊಂದು ಹಲ್ಲು ಸರದಿಯಂತೆ ಕ್ರೌನಿನ ಎಲ್ಲ ಹಲ್ಲುಗಳನ್ನೂ ಸಂಧಿಸುತ್ತದೆ; ಸವೆತ ಒಂದೇ ಕಡೆ ನಿಲ್ಲದೆ ಎಲ್ಲಕ್ಕೂ ಹಂಚಿಹೋಗುತ್ತದೆ.

ನನ್ನ ಗಾಲಿ ಒಂದು ಸುತ್ತಿಗೆ 1.95 ಮೀಟರ್ ಉರುಳುತ್ತದೆಂದು ಸುಣ್ಣದ ಗುರುತಿನಿಂದ ಅಳೆದಿದ್ದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 684 ಸುತ್ತು. ನೇರ ಗೇರಾದ ನಾಲ್ಕನೆಯದರಲ್ಲಿ ಹಳೆಯ ಹಲ್ಲಿನ ಮೇಲೆ ಎಂಜಿನ್ ನಿಮಿಷಕ್ಕೆ ಸುಮಾರು 3,330 ಸುತ್ತು ತಿರುಗಬೇಕು. ಹೊಸದರ ಮೇಲೆ 2,940. ಧಾರವಾಡದವರೆಗಿನ ದಾರಿಗೆ ಲೆಕ್ಕ ಹಾಕಿದರೆ ಎಂಜಿನ್ನಿಗೆ ಐದು ಲಕ್ಷ ಸುತ್ತುಗಳ ಉಳಿತಾಯ. ಇದಕ್ಕೆ ತೆರಬೇಕಾದ ಬೆಲೆ, ಗಾಲಿಗೆ ತಲುಪುವ ಬಲದಲ್ಲಿ ನೂರಕ್ಕೆ ಹನ್ನೆರಡರಷ್ಟು ಕಡಿತ.

ಜೋಡಿಸುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ತೆಳು ಉಕ್ಕಿನ ಬಿಲ್ಲೆಗಳು ನಿರ್ಧರಿಸುತ್ತವೆ. ಉಸ್ತಾದ್ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಕ್ರೌನಿನ ಕೆಲವು ಹಲ್ಲುಗಳಿಗೆ ಬಳಿದು, ಕೈಯಿಂದ ತಿರುಗಿಸಿದರು. ಪಿನಿಯನ್ ಉಜ್ಜಿದಲ್ಲಿ ಕೆಂಪು ಅಳಿಸಿ ಒಂದು ಗುರುತು ಮೂಡುತ್ತದೆ. ಗುರುತು ಹಲ್ಲಿನ ಬುಡಕ್ಕಿಳಿದರೆ ಪಿನಿಯನ್ ಹೆಚ್ಚು ಆಳದಲ್ಲಿದೆ; ತುದಿಗೇರಿದರೆ ಕಡಿಮೆ ಆಳದಲ್ಲಿದೆ; ನಡುವಿನಲ್ಲಿ ಮೂಡಿದರೆ ಸರಿ. ಎರಡು ಚಕ್ರಗಳ ನಡುವಿನ ಸಡಿಲನ್ನು ಡಯಲ್ ಗೇಜಿನಿಂದ ಇಂಚಿನ ಸಾವಿರದ ಅಂಶಗಳಲ್ಲಿ ಅಳೆದರು. ಐದು ಸಲ ಬಿಚ್ಚಿ ಐದು ಸಲ ಕೂಡಿಸಿದರು. ನಾಲ್ಕನೆಯ ಸಲದ ಗುರುತು ನನ್ನ ಕಣ್ಣಿಗೆ ಸರಿಯಾಗಿಯೇ ಕಂಡಿತ್ತು. "ಬಾಬೂಜಿ, ಇದು ನೂರು ಮೈಲಿಗೆ ಸರಿ" ಎಂದು ಮತ್ತೆ ಬಿಚ್ಚಿದರು. ಎಂ.ಎ. ತರಗತಿಯಲ್ಲಿ ಒಂದು ಪದ್ಯವನ್ನು ಐದು ಸಲ ಬಿಚ್ಚಿ ಕೂಡಿಸಿದ ನೆನಪು ನನಗಿಲ್ಲ. ಅಪ್ಪ ಹನ್ನೊಂದು ವರ್ಷ ಯಾರ ನಡುವೆ ಬದುಕಿದ್ದರೆಂಬುದು ಆ ಎರಡು ದಿನಗಳಲ್ಲಿ ಸ್ವಲ್ಪ ತಿಳಿಯಿತು.

ಡಿಸೆಂಬರ್ ಎರಡನೆಯ ವಾರ ಗಾಡಿಯನ್ನು ಲಾರಿಯ ಮೇಲೇರಿಸಿ, ರಾಜಧಾನಿ ವಲಯದ ಗಡಿಯಾಚೆ ಕೋಸಿಯಲ್ಲಿ ಇಳಿಸಿಕೊಂಡೆ. ಅಲ್ಲಿಂದ ಆಗ್ರಾ, ಗ್ವಾಲಿಯರ್, ಶಿವಪುರಿ, ಇಂದೋರ್, ನಾಸಿಕ್, ಪುಣೆ, ಕೊಲ್ಲಾಪುರ, ಬೆಳಗಾವಿ: ಐದು ದಿನ, ಸುಮಾರು 1,750 ಕಿಲೋಮೀಟರ್. ಹೊಸದಾಗಿ ಕೂಡಿಸಿದ ಹಲ್ಲುಗಳು ಮೊದಲು ಬಿಸಿಯೇರುತ್ತವೆ. ಐನೂರು ಕಿಲೋಮೀಟರ್ ಮೆತ್ತಗೆ ಓಡಿಸಿ, ನಡುನಡುವೆ ನಿಲ್ಲಿಸಿ ತಣಿಸಬೇಕು. ಪ್ರತಿ ನಿಲುಗಡೆಯಲ್ಲೂ ಅಪ್ಪನ ಫೋನು. "ಹೌಸಿಂಗಿಗೆ ಕೈ ಇಟ್ಟು ಹತ್ತು ಎಣಿಸು. ಅಷ್ಟರಾಗ ಕೈ ತಗೀಬೇಕು ಅನಿಸಿದ್ರ ನಿಲ್ಲಸು, ಚಾ ಕುಡಿ." ಮೀಟರಿನಲ್ಲಿ ಅರವತ್ತನ್ನು ದಾಟದಿದ್ದರೂ ಶಿವಪುರಿಯನ್ನು ಎಣಿಸಿದ್ದಕ್ಕಿಂತ ಮೊದಲೇ ತಲುಪಿದೆ. ರಸ್ತೆ ಚೆನ್ನಾಗಿದೆ ಎಂದುಕೊಂಡೆ.

ಹದಿನಾರು ವರ್ಷಗಳಲ್ಲಿ ಅಪ್ಪನೂ ನಾನೂ ಫೋನಿನಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆ ಐದು ದಿನಗಳಲ್ಲಿ ಆಡಿದೆವು. ಬಿಜಾಸನ್ ಘಾಟಿನ ಇಳಿಜಾರಿಗೆ ಮುಂಚೆ ಎಚ್ಚರಿಸಿದರು: ಸಂಖ್ಯೆ ಚಿಕ್ಕದಾದರೆ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುವ ಶಕ್ತಿಯೂ ಕುಗ್ಗುತ್ತದೆ, ಬ್ರೇಕನ್ನೇ ನಂಬದೆ ಮೊದಲೇ ಮೂರನೆಯ ಗೇರಿಗೆ ಬಾ. ಪುಣೆ ದಾಟಿದ ಮೇಲೆ ಖಂಬಾಟಕಿ. ಸಾತಾರಾದ ಕಡೆಯಿಂದ ಬರುವವರಿಗೆ ಸುರಂಗವಿದೆ. ನಮ್ಮ ದಿಕ್ಕಿನವರು ಆಗ ಘಾಟನ್ನೇ ಹತ್ತಬೇಕಿತ್ತು. ಅಲ್ಲಿ ಹೊಸ ಹಲ್ಲಿನ ಬೆಲೆ ತೆತ್ತೆ. ಮೂರನೆಯ ಗೇರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ಎರಡನೆಯದಕ್ಕಿಳಿದು ಕಬ್ಬಿನ ಲಾರಿಯ ಬೆನ್ನಿಗೆ ಅಂಟಿಕೊಂಡು ನೆತ್ತಿ ಮುಟ್ಟಿದೆ. ಮೇಲೆ ನಿಲ್ಲಿಸಿ ಫೋನು ಮಾಡಿದರೆ ಅಪ್ಪ ಕೇಳಿದ್ದು: "ಎರಡನೇದ್ರಾಗ ಬಂದಿ ಹೌದಿಲ್ಲೋ? ನಾನೂ ಅಲ್ಲಿ ಎರಡನೇದ್ರಾಗನ ಹತ್ತಸ್ತಿದ್ದೆ."

ಐದನೆಯ ದಿನ ಮಧ್ಯಾಹ್ನ ನಮ್ಮ ಓಣಿಯ ತುದಿಯಲ್ಲಿ, ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಅವ್ವ ಆರತಿ ತಂದಳು. ಅಪ್ಪ ಗಾಡಿಯ ಮೈಯನ್ನು ಕೈಯಿಂದ ಸವರುತ್ತ ಒಂದು ಸುತ್ತು ಬಂದು, ಮುಂದಿನ ಎಡಗಡೆಯ ಸೀಟಿನಲ್ಲಿ ಕೂತರು. ಅವ್ವ ಹಿಂದೆ ಕೂತಳು. ಬೆಳಗಾವಿ ರಸ್ತೆಗೆ ಒಯ್ದೆ. ಮೂರು ಕಿಲೋಮೀಟರ್ ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದರು:

"ಮೀಟರ್ ಎಷ್ಟು ಹೇಳತೈತಿ?"

"ಅರವತ್ತು."

"ಸುಳ್ಳ ಹೇಳತೈತಿ. ಎಪ್ಪತ್ತರ ಹತ್ತಿರ ಐತಿ."

ಗಾಡಿಯನ್ನು ಬದಿಗೆ ನಿಲ್ಲಿಸಿ ಯೋಚಿಸಿದೆ. ಮೀಟರಿನ ತಂತಿ ಹೊರಡುವುದು ಗೇರು ಪೆಟ್ಟಿಗೆಯಿಂದ, ಗಾಲಿಯಿಂದಲ್ಲ. ಅದಕ್ಕೆ ಹಳೆಯ ಹಲ್ಲಿನ ಲೆಕ್ಕ ಮಾತ್ರ ಗೊತ್ತು. ಹಲ್ಲು ಬದಲಾದ ಮೇಲೆ ನಿಜವಾದ 68ಕ್ಕೆ 60 ಎನ್ನುತ್ತದೆ. ಐದು ಲಕ್ಷ ಸುತ್ತಿನ ಲೆಕ್ಕ ಹಾಕಿದ ನನಗೆ ಇದು ಹೊಳೆದಿರಲಿಲ್ಲ. ದಿಲ್ಲಿಯಿಂದ ಊರಿಗೆ ಬಂದ ದಾರಿಯನ್ನು ಮೀಟರು 1,550 ಕಿಲೋಮೀಟರೂ ಇಲ್ಲವೆಂದು ದಾಖಲಿಸಿತ್ತು. ಕಣ್ಣು ಕಾಣದ ಅಪ್ಪ ಅದನ್ನು ಕಿವಿಯಿಂದ ಹಿಡಿದರು. ಈ ಸಲ ಸಿಟ್ಟು ಬರಲಿಲ್ಲ. "ಹೆಂಗ ಗೊತ್ತಾತು?" ಎಂದು ಕೇಳಿದೆ. ಅವರ ಕಸುಬಿನ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಅವರು ಉತ್ತರಿಸತೊಡಗಿದರು, ಮನೆ ಮುಟ್ಟುವವರೆಗೂ ಮುಗಿಯಲಿಲ್ಲ.

ಆ ಸಂಜೆ ಅವರು ಹೇಳಿದಂತೆ ಒಂದು ಚೀಟಿ ಬರೆದು ಮೀಟರಿನ ಕೆಳಗೆ ಅಂಟಿಸಿದೆ. ಗಾಡಿಗೆ ಈಗ ಕೆ.ಎ. 25ರ ಸಂಖ್ಯೆ ಬಂದಿದೆ. ಮೀಟರನ್ನು ಸರಿಪಡಿಸಬಹುದಿತ್ತು, ಮಾಡಿಸಿಲ್ಲ. ರಜೆಗೆ ಹೋದಾಗ ಅವರಿಬ್ಬರನ್ನೂ ಕೂರಿಸಿಕೊಂಡು ಹೊರಟರೆ ಅಪ್ಪ ಆಗಾಗ ಚೀಟಿ ಓದಿಸುತ್ತಾರೆ. ಅದರಲ್ಲಿರುವುದು ಮೂರು ಸಾಲು: ಮೀಟರ್ 50, ಖರೇ 57. ಮೀಟರ್ 60, ಖರೇ 68. ಮೀಟರ್ 70, ಖರೇ 79.